ಡೇಟ್ ತಪ್ಪಿದರೆ: ಮೊದಲು ದಿನ ಎಣಿಸಿ, ಆಮೇಲೆ ಟೆಸ್ಟ್ ಮಾಡಿ, ಮಾತ್ರೆ ಕೊನೆಗೆ

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳು ಬಂದ ಮೇಲೆ ಕೋಲಾರದ ಸುತ್ತಮುತ್ತ ಪಿಜಿಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಇರುವ ಹೆಣ್ಣುಮಕ್ಕಳು ಜಾಸ್ತಿಯಾಗಿದ್ದಾರೆ. ಮನೆಯಿಂದ ದೂರ, ಶಿಫ್ಟ್ ಕೆಲಸ, ಕೈಯಲ್ಲಿ ಸ್ವಂತ ಸಂಬಳ. ಕೆಲವರಿಗೆ ಮದುವೆಯಾಗಿದೆ, ಕೆಲವರಿಗೆ ಇಲ್ಲ. "ಡೇಟ್ ದಾಟಿತು, ಈಗ ಏನು ಮಾಡಲಿ?" ಅನ್ನೋ ಪ್ರಶ್ನೆ ಮಾತ್ರ ಇಬ್ಬರಿಗೂ ಒಂದೇ. ಮದುವೆಯಾಗದವಳು ಅದನ್ನು ರಾತ್ರಿ ಮೊಬೈಲ್‌ನಲ್ಲಿ ಹುಡುಕುತ್ತಾಳೆ. ಹೊಸದಾಗಿ ಮದುವೆಯಾದವಳಿಗೆ "ಏನಾದ್ರೂ ವಿಶೇಷಾನಾ?" ಎಂದು ಕೇಳುವವರು ಮನೆ ತುಂಬ ಇರುತ್ತಾರೆ. ಆದರೆ ಅವಳಿಗೆ ಏನು ಬೇಕು ಎಂದು ಕೇಳುವವರು ಕಡಿಮೆ.

ಗಂಡಸಿನ ಜೊತೆ ದೈಹಿಕ ಸಂಪರ್ಕ ಇರುವ, ಮುಟ್ಟು ತಡವಾಗಿರುವ ಯಾವ ಹುಡುಗಿಯಾದರೂ ಇದನ್ನು ಓದಬಹುದು. ಯಾರ ಜೊತೆ, ಯಾಕೆ ಎಂಬ ವಿಚಾರಣೆ ಇಲ್ಲಿಲ್ಲ. ಹೆದರಿಕೊಂಡು ಸುಮ್ನೆ ಕೂರುವುದರಿಂದ ಆಗುವ ನಷ್ಟವೇ ದೊಡ್ಡದು. ಮೊದಲ ವಾರದಲ್ಲಿ ಸುಲಭವಾಗಿ ಮುಗಿಯುವ ಕೆಲಸ ಮೂರು ತಿಂಗಳಾದ ಮೇಲೆ ತುಂಬ ಕಷ್ಟವಾಗುತ್ತದೆ.

ಮೊದಲ ಕೆಲಸ: ದಿನ ಎಣಿಸುವುದು

ಕಳೆದ ಸಲ ರಕ್ತ ಕಾಣಿಸಿಕೊಂಡ ಮೊದಲ ದಿನ ಯಾವುದು ಎಂದು ನೆನಪು ಮಾಡಿಕೊಳ್ಳಿ. ನಿಂತ ದಿನ ಬೇಡ, ಶುರುವಾದ ದಿನ ಬೇಕು. ಅದು ಒಂದನೇ ದಿನ. ಅಲ್ಲಿಂದ ಮುಂದಿನ ಮುಟ್ಟು ಶುರುವಾಗುವ ತನಕ ಎಷ್ಟು ದಿನವೋ ಅದು ನಿಮ್ಮ ಚಕ್ರ. ದೊಡ್ಡವರಲ್ಲಿ 21ರಿಂದ 35 ದಿನದ ಒಳಗೆ ಎಷ್ಟಿದ್ದರೂ ಸರಿಯೇ. ಮೈನೆರೆದ ಮೊದಲ ಕೆಲವು ವರ್ಷಗಳಲ್ಲಿ 45 ದಿನದವರೆಗೂ ಹೋಗಬಹುದು. ಎಲ್ಲರಿಗೂ 28 ದಿನವೇ ಆಗಬೇಕು ಅಂತೇನೂ ಇಲ್ಲ. ತಿಂಗಳಿಂದ ತಿಂಗಳಿಗೆ ನಾಲ್ಕೈದು ದಿನ ಹಿಂದೆ ಮುಂದೆ ಆಗುವುದೂ ಮಾಮೂಲಿ.

ತಾರೀಕು ನೆನಪಿಲ್ಲದಿದ್ದರೆ ಆ ವಾರ ಯಾವ ಶಿಫ್ಟ್ ಇತ್ತು, ಸಂಬಳ ಬಂದಿತ್ತಾ, ಊರಿಗೆ ಹೋಗಿದ್ದಿರಾ, ಮೆಡಿಕಲ್‌ನಲ್ಲಿ ಪ್ಯಾಡ್‌ಗೆ ಫೋನ್‌ಪೇ ಮಾಡಿದ್ದು ಯಾವಾಗ ಎಂದು ನೋಡಿ. ಹೀಗೆ ಹುಡುಕಿದರೆ ಎರಡು ಮೂರು ದಿನದ ಹತ್ತಿರಕ್ಕಾದರೂ ಬರುತ್ತೀರಿ.

ಕಳೆದ ಸಲದ ಮುಟ್ಟು ಯಾವಾಗಿನ ಹಾಗೆಯೇ ಇತ್ತಾ ಎಂದೂ ಕೇಳಿಕೊಳ್ಳಿ. ಗರ್ಭ ನಿಂತ ಶುರುವಿನಲ್ಲಿ ಕೆಲವರಿಗೆ ಒಂದೆರಡು ದಿನ ಕಲೆ ಕಲೆಯಾಗಿ ರಕ್ತ ಕಾಣುತ್ತದೆ. ಅದನ್ನೇ ಮುಟ್ಟು ಎಂದುಕೊಂಡು ನಿರಾಳವಾಗಿ ಇದ್ದುಬಿಡುತ್ತಾರೆ. ಒಂದು ದಿನಕ್ಕೇ ನಿಂತುಹೋಯಿತು, ತುಂಬಾ ಕಮ್ಮಿ ಆಯಿತು ಎಂದರೆ ಅದನ್ನು ಲೆಕ್ಕಕ್ಕೆ ತಗೋಬೇಡಿ. ಅದರ ಹಿಂದಿನ ಸಲದ ತಾರೀಕನ್ನೂ ಬರೆದಿಟ್ಟುಕೊಳ್ಳಿ.

ಎರಡನೇ ಕೆಲಸ: ಟೆಸ್ಟ್

ಬರಬೇಕಾದ ದಿನ ದಾಟಿದ ಕೂಡಲೇ ಟೆಸ್ಟ್ ಮಾಡಬಹುದು. ಚಕ್ರವೇ ಹೆಚ್ಚುಕಮ್ಮಿ ಇರುವವರು ಕೊನೆಯ ಸಲ ಸಂಪರ್ಕ ಆದ ದಿನದಿಂದ 21 ದಿನ ಬಿಟ್ಟು ಮಾಡಿದರೆ ಫಲಿತಾಂಶ ನಂಬಬಹುದು. ಅದಕ್ಕಿಂತ ಮುಂಚೆ ಮಾಡಿದರೆ ಗರ್ಭ ಇದ್ದರೂ ಇಲ್ಲ ಎಂದು ತೋರಿಸಬಹುದು. ಗರ್ಭ ನಿಂತಾಗ ಬರುವ ಎಚ್‌ಸಿಜಿ ಎಂಬ ಹಾರ್ಮೋನ್ ಮೂತ್ರದಲ್ಲಿ ಸಾಕಷ್ಟು ಸೇರಲು ಅಷ್ಟು ಕಾಲ ಬೇಕು.

ಯಾವ ಮೆಡಿಕಲ್ ಶಾಪ್‌ನಲ್ಲಾದರೂ "ಪ್ರೆಗ್ನೆನ್ಸಿ ಕಿಟ್ ಕೊಡಿ" ಎಂದರೆ ಸಾಕು, ಡಾಕ್ಟರ್ ಚೀಟಿ ಬೇಕಾಗಿಲ್ಲ. ಸಾಮಾನ್ಯವಾಗಿ ನೂರು ರೂಪಾಯಿಯೊಳಗೆ ಸಿಗುತ್ತದೆ. ಆಶಾ ಕಾರ್ಯಕರ್ತೆಯ ಹತ್ತಿರ 'ನಿಶ್ಚಯ್' ಎಂಬ ಸರ್ಕಾರಿ ಕಿಟ್ ಇರುತ್ತದೆ, ಅದಕ್ಕೆ ದುಡ್ಡಿಲ್ಲ. ಊರಿನ ಮೆಡಿಕಲ್‌ನವರು ಅಪ್ಪನಿಗೆ ಪರಿಚಯ ಎಂಬ ಭಯ ಇದ್ದರೆ ಕೋಲಾರಕ್ಕೋ ಬಂಗಾರಪೇಟೆಗೋ ಬಸ್ ಹತ್ತಿ. ಶಕ್ತಿ ಯೋಜನೆ ಇದೆ, ಟಿಕೆಟ್‌ಗೂ ದುಡ್ಡು ಬೇಡ. ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್‌ನವರು ಯಾರ ಮುಖವನ್ನೂ ನೆನಪಿಟ್ಟುಕೊಳ್ಳುವುದಿಲ್ಲ.

ತಂದ ಮೇಲೆ ಪ್ಯಾಕೆಟ್ ಮೇಲಿನ ಎಕ್ಸ್‌ಪೈರಿ ತಾರೀಕು ನೋಡಿ. ಮಾಡುವ ಹೊತ್ತಿನವರೆಗೆ ಬಿಚ್ಚಬೇಡಿ. ಬೆಳಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರ ಒಳ್ಳೆಯದು, ಯಾಕೆಂದರೆ ರಾತ್ರಿಯಿಡೀ ನಿಂತ ಮೂತ್ರದಲ್ಲಿ ಹಾರ್ಮೋನ್ ಗಟ್ಟಿಯಾಗಿರುತ್ತದೆ. ನೈಟ್ ಶಿಫ್ಟ್ ಮಾಡಿ ಹಗಲು ಮಲಗುವವರಿಗೆ ಮಧ್ಯಾಹ್ನ ಎದ್ದಾಗಿನದೇ ಮೊದಲ ಮೂತ್ರ. ಮಾಡುವ ಮುಂಚೆ ಚೊಂಬುಗಟ್ಟಲೆ ನೀರು ಕುಡಿಯಬೇಡಿ.

ಒಣಗಿದ ಶುಭ್ರವಾದ ಲೋಟದಲ್ಲಿ ಮೂತ್ರ ಹಿಡಿಯಿರಿ. ಕಿಟ್ಟನ್ನು ಸಮತಟ್ಟಾದ ಜಾಗದಲ್ಲಿ ಇಡಿ, ಕೈಯಲ್ಲಿ ಹಿಡಿದುಕೊಂಡು ಮಾಡಬೇಡಿ. ಜೊತೆಗೆ ಕೊಟ್ಟ ಡ್ರಾಪರ್‌ನಿಂದ ಗುಂಡಿಯಂಥ ಜಾಗಕ್ಕೆ ಎರಡು ಮೂರು ಹನಿ ಬಿಡಿ. ಎಷ್ಟು ಹನಿ, ಎಷ್ಟು ನಿಮಿಷ ಎಂದು ಅದರ ಚೀಟಿಯಲ್ಲೇ ಬರೆದಿರುತ್ತದೆ, ಹೆಚ್ಚಿನವುಗಳಲ್ಲಿ ಐದು ನಿಮಿಷ. ಮೊಬೈಲ್‌ನಲ್ಲಿ ಟೈಮರ್ ಇಡಿ. ತೇವ ಹರಿದು ಕಿಟಕಿ ಕೆಂಪಗಾಗಿ ಮತ್ತೆ ಬಿಳಿಯಾಗುತ್ತದೆ. ಮೊದಲು ಸಿ ಎಂದಿರುವ ಕಡೆ ಗೆರೆ ಬರಬೇಕು. ಅದು ಬಂದರೆ ಕಿಟ್ ಸರಿಯಿದೆ ಎಂದಷ್ಟೇ ಅರ್ಥ. ಟಿ ಕಡೆಯೂ ಗೆರೆ ಬಂದರೆ ಗರ್ಭ ನಿಂತಿದೆ. ಟಿ ಗೆರೆ ಎಷ್ಟೇ ತಿಳಿಯಾಗಿದ್ದರೂ, ಹೇಳಿದ ಸಮಯದೊಳಗೆ ಬಂದಿದ್ದರೆ ಪಾಸಿಟಿವ್ ಎಂದೇ ತಿಳಿಯಿರಿ. ಸಿ ಹತ್ತಿರ ಗೆರೆ ಬರಲಿಲ್ಲ ಅಂದರೆ ಕಿಟ್ ಕೆಟ್ಟಿದೆ, ಬೇರೆ ತನ್ನಿ. ಕಿಟ್ಟನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋಗಿ ಸಂಜೆ ಬಂದು ನೋಡಿದಾಗ ಕಾಣುವ ಗೆರೆಗೆ ಬೆಲೆಯಿಲ್ಲ.

ನೆಗೆಟಿವ್ ಬಂದು ಮುಟ್ಟೂ ಬರದಿದ್ದರೆ ಒಂದು ವಾರ ಬಿಟ್ಟು ಮತ್ತೆ ಮಾಡಿ. ಆ ತಿಂಗಳು ಅಂಡಾಣು ತಡವಾಗಿ ಬಿಡುಗಡೆಯಾಗಿರಬಹುದು. ಎರಡನೇ ಸಲವೂ ಗೊಂದಲವಾದರೆ ರಕ್ತದಲ್ಲಿ ಮಾಡುವ ಬೀಟಾ ಎಚ್‌ಸಿಜಿ ಪರೀಕ್ಷೆ ಖಚಿತವಾಗಿ ಹೇಳುತ್ತದೆ.

ಐ-ಪಿಲ್ ತಗೊಂಡಿದ್ದರೆ

ಸಂಪರ್ಕ ಆಗಿ ಮೂರು ದಿನ, ಅಂದರೆ 72 ಗಂಟೆಯೊಳಗೆ, ಗರ್ಭ ನಿಲ್ಲದಿರಲಿ ಎಂದು ನುಂಗುವ ಲೆವೊನಾರ್‌ಜೆಸ್ಟ್ರೆಲ್ 1.5 ಮಿಲಿಗ್ರಾಂ ಮಾತ್ರೆ ಇದು. ಎಷ್ಟು ಬೇಗ ನುಂಗಿದರೆ ಅಷ್ಟು ಪರಿಣಾಮ ಜಾಸ್ತಿ. ಅಂಡಾಣು ಬಿಡುಗಡೆಯಾಗುವುದನ್ನು ಮುಂದಕ್ಕೆ ತಳ್ಳುವುದು ಅದರ ಕೆಲಸ. ಗರ್ಭ ನಿಂತ ಮೇಲೆ ಅದು ಏನೂ ಮಾಡುವುದಿಲ್ಲ. ಹಾಗಾಗಿ ಡೇಟ್ ತಪ್ಪಿದ ಮೇಲೆ ಐ-ಪಿಲ್ ನುಂಗಿ ಪ್ರಯೋಜನವಿಲ್ಲ. ನುಂಗಿದ ತಿಂಗಳು ಮುಟ್ಟು ಒಂದು ವಾರ ಹಿಂದೆ ಮುಂದೆ ಆಗುವುದು ಸಹಜ. ಅದಕ್ಕಿಂತ ತಡವಾದರೆ, ಅಥವಾ ಮಾತ್ರೆ ನುಂಗಿ ಮೂರು ವಾರವಾದರೂ ಮುಟ್ಟಾಗದಿದ್ದರೆ ಟೆಸ್ಟ್ ಮಾಡಿ. ತಿಂಗಳಿಗೆ ಎರಡು ಮೂರು ಸಲ ಇದನ್ನೇ ನುಂಗುವವರಿಗೆ ಡೇಟ್ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಅಂಥವರಿಗೆ ದಿನಾ ತೆಗೆದುಕೊಳ್ಳುವ ಅಥವಾ ಹಾಕಿಸಿಕೊಳ್ಳುವ ವಿಧಾನವೇ ಒಳ್ಳೆಯದು. ಅದನ್ನು ಕೊನೆಯಲ್ಲಿ ಹೇಳಿದ್ದೇನೆ.

ಇವು ಬೇಡವೇ ಬೇಡ

ಪರಂಗಿ ಹಣ್ಣು, ಎಳ್ಳು ಬೆಲ್ಲ, ಮೆಣಸಿನ ಕಷಾಯ. ಊಟದ ಹಾಗೆ ತಿಂದರೆ ಇವುಗಳಿಂದ ತೊಂದರೆ ಇಲ್ಲ. ಆದರೆ ಇವುಗಳಿಂದ ಗರ್ಭ ಹೋಗುತ್ತದೆ ಎಂದು ನಂಬಿ ಎರಡು ಮೂರು ವಾರ ಕಾಯುವುದು ಅಪಾಯ. ಕಡ್ಡಿ, ಬೇರು ಒಳಗೆ ಹಾಕುವವರ ಹತ್ತಿರ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ. ಗರ್ಭಕೋಶ ತೂತಾಗುತ್ತದೆ, ನಂಜೇರುತ್ತದೆ, ಜೀವವೇ ಹೋಗುತ್ತದೆ.

ಮೆಡಿಕಲ್‌ನಲ್ಲಿ "ಡೇಟ್ ಬರೋ ಮಾತ್ರೆ" ಎಂದು ಕೊಡುವುದು ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಜಾತಿಯದು. ಗರ್ಭ ಇಲ್ಲದವರಿಗೆ ಅದನ್ನು ನಿಲ್ಲಿಸಿದ ಮೇಲೆ ರಕ್ತ ಬರುತ್ತದೆ. ಗರ್ಭ ಇದ್ದರೆ ಬರುವುದಿಲ್ಲ, ಗರ್ಭ ಹೋಗುವುದೂ ಇಲ್ಲ. ಹುಡುಗಿ ಇನ್ನೂ ಹತ್ತು ದಿನ ಕಾಯುತ್ತಾಳೆ, ಅಷ್ಟೆ. ತಿರುಪತಿಗೆ ಹೋಗುವಾಗ, ಮನೆ ದೇವರ ಜಾತ್ರೆಗೆ ಎಂದು ಮುಟ್ಟು ಮುಂದೂಡಲು ನುಂಗುವುದೂ ಇದೇ ಬಳಗದ ಮಾತ್ರೆ. ಅದನ್ನು ನಿಲ್ಲಿಸಿದ ಎರಡು ಮೂರು ದಿನದಲ್ಲಿ ಸಾಮಾನ್ಯವಾಗಿ ಮುಟ್ಟಾಗುತ್ತದೆ. ಒಂದು ವಾರವಾದರೂ ಆಗದಿದ್ದರೆ ಟೆಸ್ಟ್ ಮಾಡಬೇಕು. ಅದನ್ನು ನುಂಗುತ್ತಿದ್ದೇನೆ, ಹಾಗಾಗಿ ಗರ್ಭ ನಿಲ್ಲುವುದಿಲ್ಲ ಎಂದು ಯಾರೂ ಧೈರ್ಯವಾಗಿ ಇರಬೇಡಿ.

ಗರ್ಭಪಾತದ ಕಿಟ್ಟನ್ನು ಚೀಟಿಯಿಲ್ಲದೆ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಆ ಮಾತ್ರೆ ಒಳ್ಳೆಯ ಮಾತ್ರೆಯೇ, ಡಾಕ್ಟರ್ ಕೈಯಿಂದ ಬಂದರೆ ಸುರಕ್ಷಿತ. ಆದರೆ ಎಷ್ಟು ವಾರ, ಗರ್ಭ ಎಲ್ಲಿ ಕೂತಿದೆ, ಮೈಯಲ್ಲಿ ರಕ್ತ ಎಷ್ಟಿದೆ ಎಂದು ನೋಡದೆ ಹೆಚ್ಚಿನ ಬೆಲೆಗೆ ಮಾರಿ ಕಳಿಸುತ್ತಾರೆ. ಆಮೇಲೆ ನಿಲ್ಲದ ರಕ್ತ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕಾದವಳು ಆ ಹುಡುಗಿ. ಈಗಾಗಲೇ ನುಂಗಿದ್ದರೆ ಮುಚ್ಚಿಡಬೇಡಿ. ಯಾವ ಮಾತ್ರೆ, ಯಾವತ್ತು, ಎಷ್ಟು ಎಂದು ಡಾಕ್ಟರಿಗೆ ಹಾಗೇ ಹೇಳಿ. ಖಾಲಿ ಸ್ಟ್ರಿಪ್ ಇದ್ದರೆ ತಗೊಂಡು ಹೋಗಿ.

ಪಾಸಿಟಿವ್ ಬಂದರೆ

ಮೊದಲು ವಾರದ ಲೆಕ್ಕ. ತುಂಬ ಹುಡುಗಿಯರು ಎಡವುವುದು ಇಲ್ಲಿ. ಡಾಕ್ಟರ್ ಗರ್ಭದ ವಾರ ಎಣಿಸುವುದು ಸಂಪರ್ಕ ಆದ ದಿನದಿಂದ ಅಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನದ ಚಕ್ರ ಇರುವವಳಿಗೆ ಡೇಟ್ ತಪ್ಪಿದ ದಿನವೇ ನಾಲ್ಕು ವಾರ ಮುಗಿದಿರುತ್ತದೆ. ಒಂದು ವಾರ ತಡ ಎಂದರೆ ಐದು ವಾರ. ಬೇಡವೆಂದು ತೀರ್ಮಾನಿಸಿದರೆ ಮಾತ್ರೆಯಲ್ಲೇ ಮುಗಿಸಲು ನಮ್ಮ ದೇಶದ ನಿಯಮದಲ್ಲಿ ಇರುವುದು 9 ವಾರ. ಅಂದರೆ ಐದು ವಾರದಲ್ಲಿ ಗೊತ್ತಾದವಳಿಗೆ ಯೋಚಿಸಲು, ಆಸ್ಪತ್ರೆಗೆ ಹೋಗಲು, ಸ್ಕ್ಯಾನ್ ಮಾಡಿಸಲು ಕೈಯಲ್ಲಿ ನಾಲ್ಕೇ ವಾರ. "ಮುಂದಿನ ತಿಂಗಳು ನೋಡೋಣ" ಎಂದು ಬಿಟ್ಟರೆ ಆ ನಾಲ್ಕೂ ಹೋದವು.

ಇರಿಸಿಕೊಳ್ಳುವುದಾದರೆ ಇವತ್ತಿಂದಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಬೇಡವೆಂದರೆ ಅದಕ್ಕೂ ಕಾನೂನಿನಲ್ಲಿ ದಾರಿ ಇದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಯಿತು. 20 ವಾರದವರೆಗೆ ಒಬ್ಬ ಅರ್ಹ ಡಾಕ್ಟರ್ ಒಪ್ಪಿದರೆ ಸಾಕು. 20ರಿಂದ 24 ವಾರದ ನಡುವೆ ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರ್ ಒಪ್ಪಬೇಕು. ಗರ್ಭನಿರೋಧಕ ಕೈಕೊಟ್ಟಿತು ಎಂಬ ಕಾರಣವನ್ನು ಮೊದಲು ಮದುವೆಯಾದವರು ಮಾತ್ರ ಹೇಳಬಹುದಿತ್ತು. ತಿದ್ದುಪಡಿಯಲ್ಲಿ "ಗಂಡ" ಹೋಗಿ "ಸಂಗಾತಿ" ಬಂತು. ಮದುವೆಯಾಗದವರಿಗೂ 24 ವಾರದವರೆಗಿನ ಹಕ್ಕಿದೆ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿದೆ. 18 ತುಂಬಿದ್ದರೆ ನಿಮ್ಮ ಸಹಿ ಒಂದೇ ಸಾಕು. ಗಂಡನದಾಗಲಿ, ಅಪ್ಪನದಾಗಲಿ, ಹುಡುಗನದಾಗಲಿ ಬೇಕಾಗಿಲ್ಲ. ನಿಮ್ಮ ಹೆಸರು, ವಿವರ ಹೊರಗೆ ಬಿಟ್ಟುಕೊಟ್ಟ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಎಲ್ಲಾದರೂ "ಗಂಡನನ್ನು ಕರ್ಕೊಂಡು ಬಾ" ಎಂದರೆ ಈ ಮಾತನ್ನು ಸಮಾಧಾನದಿಂದಲೇ ಹೇಳಿ, ಇಲ್ಲವೇ ಬೇರೆ ಆಸ್ಪತ್ರೆಗೆ ಹೋಗಿ.

ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗ ಇದೆ. ಟಮಕದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಮಾಲೂರು, ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುವ ಮುಂಚೆ ಲೇಡಿ ಡಾಕ್ಟರ್ ಯಾವ ದಿನ ಇರುತ್ತಾರೆ ಎಂದು ಕೇಳಿಕೊಂಡರೆ ಒಂದು ದಿನದ ಸಂಬಳ ಉಳಿಯುತ್ತದೆ. ಸರ್ಕಾರದ ಆರೋಗ್ಯ ಸಹಾಯವಾಣಿ 104.

ಮಾತ್ರೆಯಲ್ಲಿ ಆಗುವುದಾದರೆ ಮೊದಲು ಒಂದು ಮಾತ್ರೆ, ಒಂದೂವರೆ ಎರಡು ದಿನ ಬಿಟ್ಟು ಇನ್ನೊಂದು ಬಗೆಯದು. ಎರಡನೆಯದಾದ ಕೆಲವು ಗಂಟೆಯಲ್ಲಿ ಹೊಟ್ಟೆ ಹಿಂಡಿದ ಹಾಗೆ ನೋವು ಬಂದು ಮುಟ್ಟಿಗಿಂತ ಜಾಸ್ತಿ ರಕ್ತ ಹೋಗುತ್ತದೆ. ಆ ದಿನ ಶಿಫ್ಟ್ ಇಟ್ಟುಕೊಳ್ಳಬೇಡಿ, ರೂಮಿನಲ್ಲಿ ಒಬ್ಬರಾದರೂ ಜೊತೆಗಿರಲಿ. ಒಂದು ಗಂಟೆಗೆ ಎರಡು ಪ್ಯಾಡ್ ತೋಯ್ದು, ಎರಡು ಗಂಟೆ ಹಾಗೇ ಮುಂದುವರಿದರೆ, ಜ್ವರ ಬಿಡದಿದ್ದರೆ, ಕೆಟ್ಟ ವಾಸನೆ ಬಂದರೆ ತಕ್ಷಣ ಆಸ್ಪತ್ರೆ. ಎರಡು ವಾರದ ನಂತರ ಡಾಕ್ಟರ್ ಕರೆದ ದಿನ ತಪ್ಪದೆ ಹೋಗಿ, ಪೂರ್ತಿ ಆಗಿದೆಯಾ ಎಂದು ಅವರು ನೋಡುತ್ತಾರೆ. ಮನೆಯಲ್ಲಿ ಕಿಟ್ ಹಾಕಿ ನೋಡಿ ಗಾಬರಿಯಾಗಬೇಡಿ, ಮೂರು ನಾಲ್ಕು ವಾರದ ತನಕ ಅದು ಪಾಸಿಟಿವ್ ತೋರಿಸಬಹುದು. ನಿಮ್ಮ ಬ್ಲಡ್ ಗ್ರೂಪ್ ನೆಗೆಟಿವ್ ಆಗಿದ್ದರೆ ಮೊದಲೇ ಹೇಳಿ, ಆಂಟಿ-ಡಿ ಇಂಜೆಕ್ಷನ್ ಬೇಕಾ ಎಂದು ನೋಡುತ್ತಾರೆ. ಸರಿಯಾಗಿ ಮಾಡಿಸಿಕೊಂಡ ಗರ್ಭಪಾತದಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು.

ಕಾಯಲೇಬಾರದ ಒಂದು ಸ್ಥಿತಿ ಇದೆ. ಡೇಟ್ ತಪ್ಪಿದೆ ಅಥವಾ ಟೆಸ್ಟ್ ಪಾಸಿಟಿವ್ ಬಂದಿದೆ, ಜೊತೆಗೆ ಕಿಬ್ಬೊಟ್ಟೆಯ ಒಂದು ಪಕ್ಕ ವಿಪರೀತ ನೋವು, ತಲೆ ಸುತ್ತು, ಭುಜದ ತುದಿಯಲ್ಲಿ ನೋವು. ಗರ್ಭಕೋಶದ ಒಳಗೆ ಕೂರಬೇಕಾದ ಗರ್ಭ ನಾಳದಲ್ಲಿ ಕೂತಿರಬಹುದು. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ, ಹೊರಗೆ ಕಾಣುವುದಿಲ್ಲ. 108ಕ್ಕೆ ಫೋನ್ ಮಾಡಿ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗಬೇಡಿ.

ನೆಗೆಟಿವ್, ಆದರೂ ಮುಟ್ಟಿಲ್ಲ

ಒಂದು ತಿಂಗಳು ತಪ್ಪಿ ಮುಂದಿನ ತಿಂಗಳು ಸರಿಹೋದರೆ ಚಿಂತೆ ಬೇಡ. ವಾರಕ್ಕೊಂದು ಶಿಫ್ಟ್ ಬದಲಾಗುವುದು, ನಿದ್ದೆಗೆಡುವುದು, ಮನಸ್ಸಿಗೆ ಬೇಜಾರು, ಜ್ವರ ಬಂದು ಏಳುವುದು, ತೂಕ ಸರ್ರನೆ ಇಳಿಯುವುದು ಅಥವಾ ಏರುವುದು, ಇವೆಲ್ಲ ಮುಟ್ಟನ್ನು ತಡ ಮಾಡುತ್ತವೆ. ಮೆಸ್ ಊಟ ಸೇರದೆ ಟೀ ಬಿಸ್ಕತ್ತಿನಲ್ಲೇ ರಾತ್ರಿ ಕಳೆಯುವವರಲ್ಲಿ ಇದನ್ನು ಜಾಸ್ತಿ ಕಾಣಬಹುದು. ಮೂರು ತಿಂಗಳು ಸತತವಾಗಿ ಬರದಿದ್ದರೆ ಮಾತ್ರ ಡಾಕ್ಟರನ್ನು ಕಾಣಲೇಬೇಕು.

ಹೆಚ್ಚಾಗಿ ಸಿಗುವ ಕಾರಣ ಅಂಡಾಶಯದ ಹಾರ್ಮೋನ್ ತೊಂದರೆಯಾದ ಪಿಸಿಓಎಸ್, ಎಲ್ಲರೂ ಹೇಳುವ ಪಿಸಿಓಡಿ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಗಲ್ಲದ ಮೇಲೆ ದಪ್ಪ ಕೂದಲು, ಬಿಡದ ಮೊಡವೆ, ಕತ್ತಿನ ಹಿಂದೆ ಕಪ್ಪು. ಸಣಕಲು ಹುಡುಗಿಯರಿಗೂ ಬರುತ್ತದೆ. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಆ ಪದ ಇದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲ, ಮುಟ್ಟಿನ ಲೆಕ್ಕ ಮತ್ತು ಹಾರ್ಮೋನ್ ಲಕ್ಷಣಗಳನ್ನೂ ಸೇರಿಸಿ ನೋಡಬೇಕು. ತೂಕ ಜಾಸ್ತಿ ಇದ್ದವರು ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಎಷ್ಟೋ ಸಲ ಮುಟ್ಟು ತಾನಾಗಿ ಸರಿಹೋಗುತ್ತದೆ. ಸುಮ್ನೆ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಮುಟ್ಟಿಲ್ಲದೆ ಇರುವುದು ಒಳ್ಳೆಯದಲ್ಲ. ಮುಖ್ಯವಾದ ಇನ್ನೊಂದು ಮಾತು: "ನನಗೆ ಪಿಸಿಓಡಿ ಇದೆ, ಗರ್ಭ ನಿಲ್ಲಲ್ಲ" ಎಂದು ಕಾಂಡೋಮ್ ಬಿಡುವವರಿದ್ದಾರೆ. ಯಾವ ತಿಂಗಳು ಅಂಡಾಣು ಬರುತ್ತದೆ ಎಂದು ಗೊತ್ತಾಗದಿರುವುದರಿಂದ ಅವರಿಗೇ ಅಪಾಯ ಜಾಸ್ತಿ.

ಥೈರಾಯ್ಡ್ ಏರುಪೇರು, ಎದೆಹಾಲಿನ ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್ ಜಾಸ್ತಿಯಾಗುವುದು, ಕೆಲವು ಮಾನಸಿಕ ಚಿಕಿತ್ಸೆಯ ಮಾತ್ರೆಗಳು ಕೂಡ ಕಾರಣವಾಗಬಹುದು. ಮಗು ಇಲ್ಲದೆಯೂ ಎದೆಯಿಂದ ಹಾಲಿನಂಥ ದ್ರವ ಬಂದರೆ ಡಾಕ್ಟರಿಗೆ ಹೇಳಿ. ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯವನ್ನೂ ಮರೆಯುವ ಹಾಗಿಲ್ಲ. ಗರ್ಭ ನಿಲ್ಲದಂತೆ ಅಂತರಾ ಇಂಜೆಕ್ಷನ್ ತೆಗೆದುಕೊಂಡವರಿಗೆ ಮುಟ್ಟು ಪೂರ್ತಿ ನಿಲ್ಲುವುದುಂಟು, ಅದಕ್ಕೇ ನುಂಗುವ ಛಾಯಾ ಮಾತ್ರೆಯಲ್ಲಿ ತಡವಾಗುವುದುಂಟು. ಕೆಟ್ಟ ರಕ್ತ ಒಳಗೇ ಸೇರಿಕೊಳ್ಳುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಡಾಕ್ಟರ್ ಮುಂದೆ ಏನು ಹೇಳಬೇಕು

ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕೊನೆಯ ಮುಟ್ಟಿನ ಮೊದಲ ದಿನ, ಅದರ ಹಿಂದಿನ ಎರಡು ತಾರೀಕು, ಕೊನೆಯ ಸಂಪರ್ಕ, ಟೆಸ್ಟ್ ಮಾಡಿದ ದಿನ ಮತ್ತು ಏನು ಬಂತು, ನುಂಗಿದ ಮಾತ್ರೆಗಳ ಹೆಸರು. ಬಾಯಿ ಬರದಿದ್ದರೆ ಚೀಟಿಯನ್ನೇ ಕೊಡಿ.

ಡಾಕ್ಟರ್ "ಮದುವೆ ಆಗಿದೆಯಾ?" ಎಂದು ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಸಂಪರ್ಕ ಇದೆಯಾ ಎಂಬ ಮಾಹಿತಿ. ನಾಚಿಕೊಂಡು "ಇಲ್ಲ" ಎಂದಷ್ಟೇ ಹೇಳಿದರೆ ಗರ್ಭದ ಪರೀಕ್ಷೆಯನ್ನೇ ಬಿಟ್ಟು ಥೈರಾಯ್ಡ್ ಕಡೆ ಹೋಗಿಬಿಡಬಹುದು. "ಮದುವೆ ಆಗಿಲ್ಲ ಮೇಡಂ, ಆದರೆ ಸಂಪರ್ಕ ಇದೆ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡಿ. ಅಮ್ಮನೋ ಅತ್ತೆಯೋ ಪಕ್ಕದಲ್ಲಿದ್ದರೆ "ನನ್ನ ಜೊತೆ ಒಬ್ಬರೇ ಎರಡು ನಿಮಿಷ ಮಾತಾಡ್ತೀರಾ?" ಎಂದು ಕೇಳಬಹುದು. ಯೂರಿನ್ ಟೆಸ್ಟ್‌ಗೆ ಬಾತ್‌ರೂಮಿಗೆ ಕಳಿಸುವಾಗ ನರ್ಸ್ ಹತ್ತಿರ ಹೇಳುವುದೂ ಒಂದು ದಾರಿ. ಒಳಗಿನಿಂದ ಮಾಡುವ ಸ್ಕ್ಯಾನ್ ಅಥವಾ ಪರೀಕ್ಷೆಗೆ ನೀವು ಒಪ್ಪಿದರೆ ಮಾತ್ರ ಮಾಡಬೇಕು. ಬೇಡ ಎನ್ನಬಹುದು, ಹೆಣ್ಣು ಸಿಬ್ಬಂದಿ ಇರಲಿ ಎನ್ನಬಹುದು.

10ರಿಂದ 19 ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರುತ್ತದೆ, ಅಲ್ಲಿ ಕೌನ್ಸೆಲರ್ ಹತ್ತಿರ ಮಾತಾಡಬಹುದು. 18 ತುಂಬದವರ ವಿಷಯ ಸ್ವಲ್ಪ ಬೇರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ ಪ್ರಕಾರ ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು, ಗರ್ಭಪಾತಕ್ಕೆ ಪೋಷಕರ ಸಹಿ ಬೇಕು. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಹೆಸರು, ಗುರುತು ಹೇಳದೆ ವರದಿ ಮಾಡಬಹುದು ಎಂದು ಅದೇ 2022ರ ತೀರ್ಪಿನಲ್ಲಿದೆ. ಈ ಭಯಕ್ಕೆ ಆಸ್ಪತ್ರೆ ಬಿಟ್ಟು ಬೇರೆ ಕಡೆ ಹೋಗಬೇಡಿ.

ಒಪ್ಪಿಗೆಯಿಲ್ಲದೆ ನಡೆದಿದ್ದರೆ ಯಾವ ಆಸ್ಪತ್ರೆಯೂ, ಖಾಸಗಿಯಾದರೂ, ದುಡ್ಡಿಲ್ಲದೆ ಚಿಕಿತ್ಸೆ ಕೊಡಲೇಬೇಕು. ಎಫ್‌ಐಆರ್ ತಂದರೆ ಮಾತ್ರ ನೋಡುತ್ತೇವೆ ಎನ್ನುವ ಹಾಗಿಲ್ಲ. ಮೂರು ದಿನದೊಳಗೆ ಹೋದರೆ ಗರ್ಭ ತಡೆಯುವ ಮಾತ್ರೆಯ ಜೊತೆ ಎಚ್‌ಐವಿ ತಡೆಯುವ ಔಷಧಿಯನ್ನೂ ಶುರು ಮಾಡಬಹುದು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ಸೋಂಕನ್ನು ಮರೆಯಬೇಡಿ

ಟೆಸ್ಟ್ ನೆಗೆಟಿವ್ ಬಂದ ಖುಷಿಯಲ್ಲಿ ಇದು ಹಿಂದೆ ಬೀಳುತ್ತದೆ. ಕಾಂಡೋಮ್ ಇಲ್ಲದೆ ಆದ ಸಂಪರ್ಕದಿಂದ ಬರುವ ಕ್ಲಮಿಡಿಯಾ, ಗೊನೊರಿಯಾದಂಥ ಸೋಂಕುಗಳು ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಲಕ್ಷಣವನ್ನೇ ತೋರಿಸುವುದಿಲ್ಲ. ಮೆಲ್ಲಗೆ ಗರ್ಭನಾಳಕ್ಕೆ ಏರಿ ಅಲ್ಲಿ ಕಟ್ಟಿಕೊಳ್ಳುತ್ತವೆ, ಮುಂದೆ ಮಕ್ಕಳಾಗಲು ತೊಂದರೆ ಕೊಡುತ್ತವೆ. ವಾಸನೆಯ ಅಥವಾ ಹಳದಿ ಹಸಿರು ಬಿಳಿಸೆರಗು, ಉರಿಮೂತ್ರ, ಸಂಪರ್ಕದ ನಂತರ ರಕ್ತ, ಕಿಬ್ಬೊಟ್ಟೆ ನೋವು, ಹುಣ್ಣು, ಇವುಗಳಲ್ಲಿ ಯಾವುದಿದ್ದರೂ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋಗಿ. ಔಷಧಿ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಸಂಗಾತಿಯೂ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ. ಎಚ್‌ಐವಿ ಪರೀಕ್ಷೆ ಐಸಿಟಿಸಿ ಎಂಬ ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಉಚಿತ ಮತ್ತು ಗುಟ್ಟಾಗಿರುತ್ತದೆ. ಕೇಳಬೇಕಾದ್ದಿದ್ದರೆ 1097ಕ್ಕೆ ಫೋನ್ ಮಾಡಿ.

ಮುಂದಿನ ತಿಂಗಳಿಗೆ

ಗರ್ಭಪಾತ ಆದ ಎರಡು ವಾರದೊಳಗೇ ಮತ್ತೆ ಗರ್ಭ ನಿಲ್ಲುವ ಸಾಧ್ಯತೆ ಇದೆ. ಹಾಗಾಗಿ ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಒಂದು ವಿಧಾನ ಆರಿಸಿಕೊಳ್ಳಿ. "ಹೊರಗೆ ತೆಗೆಯುತ್ತೇನೆ" ಎಂಬ ಹುಡುಗನ ಭರವಸೆಯಾಗಲಿ, ಶಿಫ್ಟ್‌ನಿಂದ ಏರುಪೇರಾದ ಚಕ್ರದಲ್ಲಿ ಸೇಫ್ ಡೇಸ್ ಎಣಿಸುವುದಾಗಲಿ ವಿಧಾನ ಅಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತ. ಮಾಲಾ-ಎನ್ ದಿನಕ್ಕೊಂದು ಮಾತ್ರೆ, ಹೊತ್ತು ತಪ್ಪಬಾರದು. ಛಾಯಾ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅಂತರಾ ಮೂರು ತಿಂಗಳಿಗೊಂದು ಇಂಜೆಕ್ಷನ್. ಪಿಜಿಯಲ್ಲಿ ಮಾತ್ರೆ ಡಬ್ಬಿ ಯಾರ ಕಣ್ಣಿಗಾದರೂ ಬೀಳುತ್ತದೆ ಎನ್ನುವವರಿಗೆ ಇದು ಅನುಕೂಲ. ಕಾಪರ್-ಟಿ ಹಾಕಿಸಿದರೆ 5 ಅಥವಾ 10 ವರ್ಷ ಚಿಂತೆಯಿಲ್ಲ, ಬೇಕೆಂದಾಗ ತೆಗೆಸಬಹುದು, ಮಗು ಆಗದವರೂ ಹಾಕಿಸಿಕೊಳ್ಳಬಹುದು. ರಕ್ಷಣೆಯಿಲ್ಲದ ಸಂಪರ್ಕ ಆದ ಐದು ದಿನದೊಳಗೆ ಹಾಕಿಸಿದರೆ ಆ ಸಲದ ಗರ್ಭವನ್ನೂ ಅದು ತಡೆಯುತ್ತದೆ. ಇವುಗಳಲ್ಲಿ ಯಾವುದೂ ಸೋಂಕು ತಡೆಯುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು. ಯಾವುದನ್ನು ಆರಿಸಿದರೂ ಮೈಗ್ರೇನ್, ಬಿಪಿ, ಎದೆಹಾಲು ಕುಡಿಸುವುದು, ಕ್ಷಯ ಅಥವಾ ಫಿಟ್ಸ್ ಮಾತ್ರೆ ನುಂಗುವುದು ಇದ್ದರೆ ಮೊದಲೇ ಹೇಳಿ, ಅದನ್ನು ನೋಡಿಕೊಂಡು ನಿಮಗೆ ಹೊಂದುವುದನ್ನು ಅವರು ಕೊಡುತ್ತಾರೆ.